ಗಾಳಿಗೆ ದಾರಿ ತೋರುವ ತಗಡು

ಸೌದೆಯ ಒಲೆಯ ಮುಂದೆ ಕುಳಿತು ಕೆಂಡವನ್ನು ಊದಿದವರಿಗೆ ಊದುಗೊಳವೆಯ ಬೆಲೆ ಚೆನ್ನಾಗಿ ಗೊತ್ತು. ಬರಿಯ ಬಾಯಿಂದ ಊದಿದರೆ ಉಸಿರು ನಾಲ್ಕು ದಿಕ್ಕಿಗೂ ಚದರಿ ಹೋಗುತ್ತದೆ. ಕೆಂಡಕ್ಕೆ ತಲುಪುವುದು ಅತ್ಯಲ್ಪ, ಕಣ್ಣಿಗೆ ಹಾರುವ ಬೂದಿಯೇ ಹೆಚ್ಚು. ಅದೇ ಉಸಿರನ್ನು ಕೊಳವೆಯ ಮೂಲಕ ಬಿಟ್ಟರೆ ಕೆಂಡ ಕೂಡಲೇ ನಿಗಿನಿಗಿ ಹೊಳೆಯುತ್ತದೆ. ಇಲ್ಲಿ ನಮ್ಮ ಶ್ವಾಸಕೋಶದ ಬಲವೇನೂ ಹೆಚ್ಚಲಿಲ್ಲ. ಗಾಳಿಗೆ ಒಂದು ದಾರಿ ದೊರಕಿತು, ಅಷ್ಟೆ. ಆದರೆ ಆ ಕೊಳವೆಯ ನಡುವೆ ಎಲ್ಲಿಯೋ ಒಂದು ಸೀಳು ಬಿದ್ದಿತೆನ್ನಿ. ಉಸಿರು ಅಲ್ಲಿಯೇ ಹೊರಬಿದ್ದು ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಗಾಳಿಯಿಂದಲೇ ತಂಪಾಗುವ ಹಳೆಯ ಕಾರಿನ ಎಂಜಿನ್ನೊಂದರ ಆಯುಸ್ಸು ಈ ಊದುಗೊಳವೆಯ ನ್ಯಾಯವನ್ನೇ ಅವಲಂಬಿಸಿದೆ ಎಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಒಲೆಯಲ್ಲಿ ಗಾಳಿಯ ಕೆಲಸ ಉರಿಸುವುದು, ಎಂಜಿನ್ನಿನಲ್ಲಿ ಆರಿಸುವುದು. ಆದರೆ ದಾರಿ ತಪ್ಪಿದ ಗಾಳಿ ಎರಡು ಕಡೆಯೂ ನಿರುಪಯೋಗಿಯೇ. ಇದನ್ನು ವಿವರಿಸಲು ನಾವು ಜಗತ್ತಿನಲ್ಲೆಲ್ಲ ಹೆಸರುವಾಸಿಯಾದ ಒಂದು ಕಾರನ್ನೇ ಆರಿಸಿಕೊಂಡಿದ್ದೇವೆ. ಅದು ಜರ್ಮನಿಯ ಫೋಕ್ಸ್‌ವ್ಯಾಗನ್. ಜನರ ಬಾಯಲ್ಲಿ 'ಬೀಟಲ್', ಎಂದರೆ ಜೀರುಂಡೆ.

ಜೀರುಂಡೆಯ ಹುಟ್ಟು

ಕಡಮೆ ಬೆಲೆಯ ಜನಸಾಮಾನ್ಯರ ಕಾರೊಂದನ್ನು ರೂಪಿಸುವ ಕೆಲಸವನ್ನು ಎಂಜಿನಿಯರ್ ಫರ್ಡಿನಂಡ್ ಪೋರ್ಷೆ 1934ರಲ್ಲಿ ಒಪ್ಪಿಕೊಂಡನು. ಆ ಕಾಲದ ಜರ್ಮನಿಯಲ್ಲಿ ಸಾಮಾನ್ಯ ಸಂಸಾರಿಗೆ ಕಾರು ನಿಲ್ಲಿಸಲು ಕೊಟ್ಟಿಗೆ ಇರಲಿಲ್ಲ. ಚಳಿಗಾಲದ ರಾತ್ರಿಯಲ್ಲಿ ಅದು ಬೀದಿಯಲ್ಲಿಯೇ ನಿಲ್ಲಬೇಕಾಗಿತ್ತು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನೊಳಗಿನ ನೀರು ಹೀಗೆ ಹಿಗ್ಗಿದರೆ ಎರಕದ ಲೋಹವೂ ಬಿರಿಯುತ್ತದೆ. ನೀರೇ ಇಲ್ಲದ ಎಂಜಿನ್ನಿಗೆ ಈ ಭಯವಿಲ್ಲ. ಬೇಸಗೆಯಲ್ಲಿ ಅದು ಕುದಿಯುವ ಭಯವೂ ಇಲ್ಲ. ರೇಡಿಯೇಟರು, ನೀರಿನ ಪಂಪು, ರಬ್ಬರು ಕೊಳವೆ ಇವಾವುವೂ ಬೇಡವಾದ್ದರಿಂದ ತೂಕವೂ ಕಡಮೆ. ಫ್ರಾನ್ಸ್ ರೈಮ್‌ಸ್ಪೀಸ್ ಎಂಬ ಎಂಜಿನಿಯರನು ಈ ಕಾರಿಗಾಗಿ ನಾಲ್ಕು ಸಿಲಿಂಡರುಗಳ, ಗಾಳಿಯಿಂದ ತಂಪಾಗುವ ಎಂಜಿನ್ನನ್ನು ರಚಿಸಿದನು.

ಇದೇ ಎಂಜಿನ್ನು ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ವಾಹನಗಳನ್ನು ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಓಡಿಸಿತು. 1963ರಲ್ಲಿ ಆಸ್ಟ್ರೇಲಿಯದವರು ಇಂತಹ ಒಂದು ಕಾರನ್ನು ಅಂಟಾರ್ಕ್‌ಟಿಕದ ಮಾಸನ್ ನೆಲೆಗೂ ಕೊಂಡೊಯ್ದರು. 2003ರ ಜುಲೈ ತಿಂಗಳಲ್ಲಿ ಮೆಕ್ಸಿಕೋ ದೇಶದ ಕಾರ್ಖಾನೆಯಿಂದ ಕೊನೆಯ ಕಾರು ಹೊರಬರುವ ಹೊತ್ತಿಗೆ ಒಟ್ಟು 2 ಕೋಟಿ 15 ಲಕ್ಷಕ್ಕೂ ಹೆಚ್ಚು ಜೀರುಂಡೆಗಳು ತಯಾರಾಗಿದ್ದವು. ಅವುಗಳಲ್ಲಿ ಎಷ್ಟೋ ಕಾರುಗಳನ್ನು ಅಭಿಮಾನಿಗಳು ಇಂದಿಗೂ ಬಿಚ್ಚಿ, ತಿದ್ದಿ, ಮರಳಿ ಜೋಡಿಸಿ ಓಡಿಸುತ್ತಿದ್ದಾರೆ. ಈ ಮರುಜೋಡಣೆಯ ಹೊತ್ತಿನಲ್ಲಿಯೇ ಗಾಳಿಯ ದಾರಿ ತಪ್ಪುವ ಅಪಾಯವಿರುವುದು.

ಶಾಖವೆಲ್ಲ ಎಲ್ಲಿಗೆ ಹೋಗಬೇಕು?

ಪೆಟ್ರೋಲು ಉರಿಯುವಾಗ ಸಿಲಿಂಡರಿನೊಳಗಿನ ಅನಿಲದ ಉಷ್ಣತೆ 2,000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಸಿಲಿಂಡರಿನ ಹೆಡ್ಡನ್ನು ಮಾಡಿರುವುದೋ ಅಲ್ಯೂಮಿನಿಯಮ್ ಮಿಶ್ರಲೋಹದಿಂದ. ಅಚ್ಚ ಅಲ್ಯೂಮಿನಿಯಮ್ 660 ಡಿಗ್ರಿಯಲ್ಲಿ ಕರಗಿ ನೀರಾಗುತ್ತದೆ, ಅದಕ್ಕೆ ಬಹಳ ಮುಂಚೆಯೇ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಲೋಹ ಉಳಿಯಬೇಕಾದರೆ ಅದಕ್ಕೆ ತಗಲಿದ ಶಾಖವನ್ನು ಕ್ಷಣಕ್ಷಣವೂ ಹೊರಕ್ಕೆ ಸಾಗಿಸುತ್ತಿರಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಗಾಲಿಯನ್ನು ತಿರುಗಿಸುವ ಕೆಲಸಕ್ಕೆ ಒದಗುವುದು ಸುಮಾರು ಕಾಲು ಪಾಲು ಮಾತ್ರ. ಉಳಿದುದರಲ್ಲಿ ಒಂದು ದೊಡ್ಡ ಭಾಗ ಹೊಗೆಯೊಡನೆ ಹೊರಟುಹೋದರೆ, ಮತ್ತೊಂದು ಭಾಗ ಲೋಹದೊಳಕ್ಕೆ ಇಳಿಯುತ್ತದೆ. 1954ರಿಂದ ಬಳಕೆಗೆ ಬಂದ 30 ಅಶ್ವಶಕ್ತಿಯ, 1192 ಘನ ಸೆಂಟಿಮೀಟರಿನ ಎಂಜಿನ್ನನ್ನು ತೆಗೆದುಕೊಳ್ಳೋಣ. ಅದು ಪೂರ್ಣಬಲದಿಂದ ದುಡಿಯುವಾಗ ಹೊರಹಾಕಬೇಕಾದ ಶಾಖ, ಸ್ಥೂಲವಾಗಿ ಹೇಳುವುದಾದರೆ, ಮನೆಯಲ್ಲಿ ಬಳಸುವ ಇಪ್ಪತ್ತು ವಿದ್ಯುತ್ ಇಸ್ತ್ರಿಪೆಟ್ಟಿಗೆಗಳು ಏಕಕಾಲದಲ್ಲಿ ಕಾದಷ್ಟು.

ಈ ಹೊರೆಯನ್ನು ಹೊರುವುದರಲ್ಲಿ ನೀರು ಗಾಳಿಗಿಂತ ಬಹಳ ಸಮರ್ಥ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಬಿಸಿಮಾಡಲು ಬೇಕಾಗುವ ಶಾಖದಿಂದ ಸುಮಾರು 3,500 ಲೀಟರು ಗಾಳಿಯನ್ನು ಒಂದು ಡಿಗ್ರಿ ಬಿಸಿಮಾಡಬಹುದು. ಆದ್ದರಿಂದ ಗಾಳಿಯನ್ನು ನೆಚ್ಚುವ ಎಂಜಿನ್ನು ಎರಡು ಉಪಾಯಗಳನ್ನು ಹೂಡಬೇಕಾಗುತ್ತದೆ. ಒಂದು, ಲೋಹದ ಮೈಯನ್ನು ವಿಸ್ತರಿಸುವುದು. ಲೋಟದಲ್ಲಿ ಆರದ ಕಾಫಿ ಅಗಲವಾದ ಬಸಿಯಲ್ಲಿ ಬೇಗ ಆರುವಂತೆ, ವಿಸ್ತಾರ ಹೆಚ್ಚಿದಷ್ಟೂ ಶಾಖ ಬೇಗ ಹೊರಬೀಳುತ್ತದೆ. ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ ಮೋಟಾರು ಸೈಕಲನ್ನು ನೋಡಿದವರು ಅದರ ಸಿಲಿಂಡರಿನ ಸುತ್ತ ತೆಳ್ಳನೆಯ ಲೋಹದ ಏಣುಗಳು ಸಾಲುಸಾಲಾಗಿ ಇರುವುದನ್ನು ಗಮನಿಸಿರಬಹುದು. ಬೀಟಲ್ ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಗೂ ಅವುಗಳ ಹೆಡ್ಡುಗಳಿಗೂ ಇಂತಹವೇ ಏಣುಗಳುಂಟು.

ಎರಡನೆಯ ಉಪಾಯ, ಗಾಳಿಯನ್ನು ಬಲವಂತವಾಗಿ ಹರಿಯಿಸುವುದು. ಮೋಟಾರು ಸೈಕಲಿನ ಎಂಜಿನ್ನು ಬಯಲಿನಲ್ಲಿರುವುದರಿಂದ ಓಟದ ಗಾಳಿಯೇ ಅದಕ್ಕೆ ಸಾಕು. ಕಾರಿನ ಹಿಂಭಾಗದ ಗೂಡಿನಲ್ಲಿ ಅಡಗಿ ಕುಳಿತ ಎಂಜಿನ್ನಿಗೆ ಆ ಭಾಗ್ಯವಿಲ್ಲ. ಅದಕ್ಕೆ ಬೀಸಣಿಗೆ ಬೇಕು. ನಮ್ಮಲ್ಲಿ ಮನೆಮಾತಾಗಿದ್ದ ಬಜಾಜ್ ಚೇತಕ್ ಸ್ಕೂಟರಿನಲ್ಲಿಯೂ ಇದೇ ಏರ್ಪಾಡು: ಎಂಜಿನ್ನಿನೊಡನೆ ತಿರುಗುವ ಚಕ್ರದ ಅಲಗುಗಳು ಬೀಸಿದ ಗಾಳಿಯನ್ನು ತಗಡಿನ ಮುಸುಕೊಂದು ಸಿಲಿಂಡರಿನ ಸುತ್ತ ಹಾಯಿಸುತ್ತದೆ.

ಗಾಳಿಯ ಪಯಣ

ಬೀಟಲ್ ಕಾರಿನಲ್ಲಿ ಗಾಳಿ ಸಾಗುವ ದಾರಿಯನ್ನು ನಾವು ಮೊದಲಿನಿಂದ ಹಿಂಬಾಲಿಸೋಣ. ಹಿಂಬದಿಯ ಗಾಜಿನ ಕೆಳಗಿರುವ ಸೀಳುಗಳ ಮೂಲಕ ಹೊರಗಿನ ತಣ್ಣನೆಯ ಗಾಳಿ ಎಂಜಿನ್ನಿನ ಕೋಣೆಯೊಳಕ್ಕೆ ಬರುತ್ತದೆ. ಎಂಜಿನ್ನಿನ ನೆತ್ತಿಯ ಮೇಲೆ ಉಕ್ಕಿನ ತಗಡಿನಿಂದ ಮಾಡಿದ ಒಂದು ದೊಡ್ಡ ಗೂಡು. ಅದರೊಳಗೆ ಅಲಗುಗಳುಳ್ಳ ಬೀಸಣಿಗೆ. ಈ ಬೀಸಣಿಗೆಯನ್ನು ವಿದ್ಯುತ್ತನ್ನು ತಯಾರಿಸುವ ಡೈನಮೊವಿನ ಕಂಬಿಯ ತುದಿಗೇ ಬಿಗಿದಿದ್ದಾರೆ. ಎಂಜಿನ್ನಿನ ರಾಟೆಯಿಂದ ಬರುವ ಒಂದೇ ಬೆಲ್ಟು ಡೈನಮೊ, ಬೀಸಣಿಗೆ ಎರಡನ್ನೂ, ಎಂಜಿನ್ನಿನ ಎರಡು ಪಟ್ಟಿಗೆ ಸಮೀಪವಾದ ವೇಗದಲ್ಲಿ ತಿರುಗಿಸುತ್ತದೆ. ಬೀಸಣಿಗೆ ತನ್ನ ನಡುವಿನಿಂದ ಗಾಳಿಯನ್ನು ಹೀರಿ ಅಂಚಿನಿಂದ ಚಿಮ್ಮುತ್ತದೆ. ಸೆಕೆಂಡಿಗೆ ನೂರಾರು ಲೀಟರು ಗಾಳಿ ಗೂಡಿನಲ್ಲಿ ಒತ್ತಡದಿಂದ ತುಂಬಿಕೊಳ್ಳುತ್ತದೆ.

ಗೂಡಿನ ಕೆಳ ಅಂಚು ಎಡಕ್ಕೂ ಬಲಕ್ಕೂ ಕವಲೊಡೆದು ಸಿಲಿಂಡರುಗಳ ಮೇಲೆ ಹೊದಿಸಿದ ತಗಡಿನ ಮುಸುಕಿನೊಳಗೆ ಸೇರಿಕೊಳ್ಳುತ್ತದೆ. ಅಲ್ಲಿಂದ ಗಾಳಿ ಏಣುಗಳ ಸಂದುಗಳಲ್ಲಿ ನುಸುಳಿ ಕೆಳಕ್ಕಿಳಿಯುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ದುಂಡಗಿನ ವಸ್ತುವಿನ ಮೇಲೆ ಬೀಸಿದ ಗಾಳಿ ಅದರ ಮೇಲರ್ಧವನ್ನು ಮುಟ್ಟಿ, ಬಳಿಕ ಪಕ್ಕಕ್ಕೆ ಸಿಡಿದು ನೇರವಾಗಿ ಹೊರಟುಹೋಗುತ್ತದೆ. ಕೆಳಗಿನ ಅರ್ಧವನ್ನು ಅಪ್ಪಿಕೊಂಡು ಹೋಗುವುದಿಲ್ಲ. ಹೊಳೆಯ ನಡುವಿನ ಬಂಡೆಯ ಹಿಂದೆ ನೀರು ತಟಸ್ಥವಾಗಿ ಸುಳಿಯುವುದನ್ನು ನೋಡಿದವರು ಇದನ್ನು ಊಹಿಸಬಲ್ಲರು. ಸಿಲಿಂಡರಿನ ಅಡಿಭಾಗವೂ ತಣಿಯಬೇಕಾದರೆ ಗಾಳಿಯನ್ನು ಅದರ ಸುತ್ತ ಬಾಗಿಸಲೇಬೇಕು. ಅದಕ್ಕಾಗಿ ಸಿಲಿಂಡರುಗಳ ಕೆಳಗೆ ಬಾಗಿದ ಸಣ್ಣ ತಗಡೊಂದನ್ನು ಮರೆಯಾಗಿ ಇಟ್ಟಿದ್ದಾರೆ. ಅಂಗೈಯಗಲದ ಈ ತಗಡು ನೋಡುವುದಕ್ಕೆ ಏನೂ ಅಲ್ಲ. ಮಾಡುವ ಕೆಲಸ ಮಾತ್ರ ದೊಡ್ಡದು.

ಕೆಲಸ ಮುಗಿಸಿ ಬಿಸಿಯಾದ ಗಾಳಿ ಎಂಜಿನ್ನಿನ ಕೆಳಗಿನಿಂದ ಹೊರಬೀಳುತ್ತದೆ. ಎಂಜಿನ್ನಿನ ಸುತ್ತಲಿನ ತಗಡುಗಳೂ ಅವುಗಳ ಅಂಚಿನ ರಬ್ಬರು ಪಟ್ಟಿಯೂ ಸೇರಿ ಕೋಣೆಗೆ ಒಂದು ನೆಲಗಟ್ಟಿನಂತಾಗಿವೆ. ಮೇಲೆ ತಣ್ಣನೆಯ ಗಾಳಿಯ ರಾಜ್ಯ, ಕೆಳಗೆ ಬಿಸಿಗಾಳಿ ಮತ್ತು ಹೊಗೆಯ ಕೊಳವೆಗಳ ರಾಜ್ಯ, ಇವೆರಡೂ ಬೆರೆಯಕೂಡದು. ಬೆರೆತರೆ ಏನಾಗುತ್ತದೆಂಬುದನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಏಣುಗಳ ಉಷ್ಣತೆ 150 ಡಿಗ್ರಿ, ಒಳಬರುವ ಗಾಳಿಯ ಉಷ್ಣತೆ 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಅಂತರ 120 ಡಿಗ್ರಿ. ಶಾಖ ಹರಿಯುವುದು ಈ ಅಂತರಕ್ಕೆ ಅನುಗುಣವಾಗಿ. ರಬ್ಬರು ಪಟ್ಟಿ ಹರಿದು, ಕೆಳಗಿನ ಬಿಸಿಗಾಳಿ ಮೇಲಕ್ಕೆ ನುಗ್ಗಿ, ಬೀಸಣಿಗೆ ಹೀರುವ ಗಾಳಿಯ ಉಷ್ಣತೆ 60 ಡಿಗ್ರಿಗೆ ಏರಿದರೆ ಅಂತರ 90ಕ್ಕೆ ಇಳಿಯುತ್ತದೆ. ಎಂದರೆ ಬೀಸಣಿಗೆ ಎಂದಿನಂತೆಯೇ ತಿರುಗುತ್ತಿದ್ದರೂ ತಂಪಿನಲ್ಲಿ ಕಾಲು ಭಾಗ ಕಳೆದುಹೋಯಿತು.

ಈ ದಾರಿಗೆ ಒಬ್ಬ ಕಾವಲುಗಾರನೂ ಉಂಟು. ಬಲಗಡೆಯ ಸಿಲಿಂಡರುಗಳ ಕೆಳಗೆ, ಹಾರ್ಮೋನಿಯಮಿನ ತಿದಿಯಂತೆ ಮಡಿಕೆಮಡಿಕೆಯಾದ ಹಿತ್ತಾಳೆಯ ಸಣ್ಣ ಡಬ್ಬಿಯೊಂದಿದೆ. ಇದೇ ಥರ್ಮೋಸ್ಟಾಟ್. ಎಂಜಿನ್ನು ತಣ್ಣಗಿರುವಾಗ ಅದು ಕುಗ್ಗಿದ್ದು ಗಾಳಿಯ ದಾರಿಯನ್ನು ಮುಚ್ಚಿರುತ್ತದೆ. ಸುತ್ತಲಿನ ಉಷ್ಣತೆ 65ರಿಂದ 70 ಡಿಗ್ರಿಗೆ ಬಂದಾಗ ಹಿಗ್ಗಿ ದಾರಿಯನ್ನು ತೆರೆಯುತ್ತದೆ. ಬಿಸಿಲು ನಾಡಿನಲ್ಲಿ ಇದು ಬೇಡವೆಂದು ಕಿತ್ತುಹಾಕುವವರಿದ್ದಾರೆ. ಅದು ಸರಿಯಲ್ಲ. ತಣ್ಣಗಿರುವ ಸಿಲಿಂಡರಿನ ಗೋಡೆಯ ಮೇಲೆ ಪೆಟ್ರೋಲಿನ ಆವಿ ಹನಿಗಟ್ಟಿ ಎಣ್ಣೆಯ ಲೇಪವನ್ನು ತೊಳೆದುಬಿಡುತ್ತದೆ, ಸವೆತ ಹೆಚ್ಚುತ್ತದೆ. ಎಂಜಿನ್ನು ಬೇಗ ಬೆಚ್ಚಗಾಗುವುದೂ ಅದರ ಆರೋಗ್ಯಕ್ಕೆ ಅವಶ್ಯವೇ.

ಮೂರನೆಯ ಸಿಲಿಂಡರಿನ ಕಷ್ಟ

ಇಷ್ಟೆಲ್ಲ ಯೋಚಿಸಿ ಮಾಡಿದ ಏರ್ಪಾಡಿನಲ್ಲಿಯೂ ಒಂದು ಕೊರತೆ ಉಳಿದಿತ್ತು. ಈ ಎಂಜಿನ್ನಿನಲ್ಲಿ ಇರುವ ಎಣ್ಣೆ ಸುಮಾರು ಎರಡೂವರೆ ಲೀಟರು ಮಾತ್ರ. ಜಾರಿಕೆಗೂ ಅದೇ, ಒಳಗಿನ ಭಾಗಗಳ ಶಾಖವನ್ನು ಹೊರತರುವುದಕ್ಕೂ ಅದೇ. ಆದಕಾರಣ ಎಣ್ಣೆಯನ್ನೂ ತಣಿಸಬೇಕು. ಅದಕ್ಕೆಂದು ಎಣ್ಣೆ ಹರಿಯುವ ಒಂದು ಪುಟ್ಟ ತಣಿಸುಗವನ್ನು ಬೀಸಣಿಗೆಯ ಗೂಡಿನೊಳಗೆ ಎಡಭಾಗದಲ್ಲಿ ನಿಲ್ಲಿಸಿದ್ದರು. ಅದರ ಕೆಳಗೇ ಇರುವುದು ಮೂರನೆಯ ಸಿಲಿಂಡರು. ಎಣ್ಣೆಯ ಶಾಖವನ್ನು ಹೀರಿ ಆಗಲೇ ಬಿಸಿಯಾದ, ತಡೆಯಿಂದ ವೇಗವೂ ಕುಗ್ಗಿದ ಗಾಳಿ ಅದರ ಪಾಲಿಗೆ ಬಂದಿತು. ಹೀಗಾಗಿ ನಾಲ್ವರಲ್ಲಿ ಅದೇ ಹೆಚ್ಚು ಕಾಯುವ ಸಿಲಿಂಡರು.

ಇದರ ಫಲ ಹೊಗೆಯನ್ನು ಹೊರಬಿಡುವ ಕವಾಟದಲ್ಲಿ ಕಾಣುತ್ತದೆ. ಉರಿಯುವ ಅನಿಲಕ್ಕೆ ನೇರವಾಗಿ ಮೈಯೊಡ್ಡುವ ಆ ಕವಾಟ ಮಿತಿಮೀರಿ ಕಾಯುತ್ತ ಬಂದರೆ ಅದರ ದಂಡ ಹಿಗ್ಗಿ ಸೊರಗುತ್ತದೆ. ಕೊನೆಗೊಮ್ಮೆ ಕವಾಟದ ತಲೆ ಮುರಿದು ಸಿಲಿಂಡರಿನೊಳಕ್ಕೆ ಬಿದ್ದರೆ, ನಿಮಿಷಕ್ಕೆ ಸಾವಿರಾರು ಸಲ ಏರಿಳಿಯುವ ಪಿಸ್ಟನ್ನು ಅದಕ್ಕೆ ಬಡಿದು ಪಿಸ್ಟನ್ನೂ ಹೆಡ್ಡೂ ಎರಡೂ ಹಾಳಾಗುತ್ತವೆ. 1971ರ ಮಾದರಿಯಿಂದ 1300 ಮತ್ತು 1600 ಎಂಬ ಎಂಜಿನ್ನುಗಳಲ್ಲಿ ತಣಿಸುಗವನ್ನು ದಾರಿಯಿಂದ ಪಕ್ಕಕ್ಕೆ ಸರಿಸಿ, ಅದಕ್ಕೆ ಪ್ರತ್ಯೇಕವಾದ ಗಾಳಿಯ ಹಾದಿಯನ್ನು ಕಲ್ಪಿಸಿ, ಬೀಸಣಿಗೆಯನ್ನು ಅಗಲಮಾಡಿ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಲಾಯಿತು. ಅದಕ್ಕೂ ಹಿಂದಿನ ಎಂಜಿನ್ನನ್ನು ಉಳಿಸಿಕೊಂಡವರು ಮಾತ್ರ ಮೂರನೆಯ ಸಿಲಿಂಡರಿಗೆ ದೊರೆಯುವ ಒಂದೊಂದು ಉಸಿರು ಗಾಳಿಯನ್ನೂ ಜೋಪಾನ ಮಾಡಬೇಕು.

ಮರಳಿ ಜೋಡಿಸುವಾಗ

ಎಂಜಿನ್ನನ್ನು ಬಿಚ್ಚಿ ಜೋಡಿಸಿದ ಮೇಲೆ ಮೇಜಿನ ಮೇಲೆ ಒಂದೆರಡು ತಗಡುಗಳೂ ಹಿಡಿಯಷ್ಟು ತಿರುಪುಗಳೂ ಉಳಿಯುವುದುಂಟು. ಎಂಜಿನ್ನು ಮೊದಲನೆಯ ಸಲಕ್ಕೇ ಚಾಲೂ ಆಗುತ್ತದೆ, ಸದ್ದು ಇಂಪಾಗಿರುತ್ತದೆ. 'ಇವು ಇಲ್ಲದೆಯೂ ನಡೆಯುತ್ತದಲ್ಲ!' ಎಂದು ಜೋಡಿಸಿದವನು ಅವನ್ನು ಮೂಲೆಗೆ ಎಸೆಯುತ್ತಾನೆ. ಮೋಸ ಹೋಗುವುದು ಇಲ್ಲಿಯೇ. ಪಿಸ್ಟನ್ನೋ ಕವಾಟವೋ ತಪ್ಪಿದರೆ ಎಂಜಿನ್ನು ಆ ಗಳಿಗೆಯಲ್ಲೇ ದೂರು ಹೇಳುತ್ತದೆ. ತಗಡು ತಪ್ಪಿದರೆ ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ಈ ಕಾರಿಗೆ ಎಂಜಿನ್ನಿನ ಉಷ್ಣತೆಯನ್ನು ತೋರಿಸುವ ಮಾಪಕವನ್ನೂ ಕಾರ್ಖಾನೆಯವರು ಇಟ್ಟಿರಲಿಲ್ಲ. ದೂರು ಕೇಳಿಬರುವ ಹೊತ್ತಿಗೆ ಕವಾಟ ಸುಟ್ಟಿರುತ್ತದೆ. ಆದ್ದರಿಂದ ಜೋಡಿಸುವಾಗ ಗಾಳಿಯ ದಾರಿಯನ್ನು ಹಂತಹಂತವಾಗಿ ಪರೀಕ್ಷಿಸುತ್ತ ಹೋಗಬೇಕು.

ಮೊದಲನೆಯದಾಗಿ, ಏಣುಗಳ ಸಂದುಗಳನ್ನು ಬೆಳಕಿಗೆ ಹಿಡಿದು ನೋಡಬೇಕು. ಸೋರಿದ ಎಣ್ಣೆಗೆ ಧೂಳು ಅಂಟಿ ಕಂಬಳಿಯಂತಾಗಿದ್ದರೆ ಕೆರೆದು ತೊಳೆಯಬೇಕು. ಹೆಡ್ಡನ್ನು ಎರಕ ಹೊಯ್ದಾಗ ಏಣುಗಳ ನಡುವೆ ತೆಳುವಾದ ಲೋಹದ ಪೊರೆ ಉಳಿದಿರುವುದುಂಟು. ಹೊಸ ಹೆಡ್ಡಿನಲ್ಲಿಯೂ ಇದು ಇರಬಹುದು. ಅದನ್ನು ಅರದಿಂದ ಎಚ್ಚರಿಕೆಯಾಗಿ ಬಿಡಿಸಿದರೆ ಗಾಳಿಗೆ ಮುಚ್ಚಿದ್ದ ಬಾಗಿಲು ತೆರೆದಂತಾಗುತ್ತದೆ.

ಎರಡನೆಯದು, ಸಿಲಿಂಡರಿನ ಅಡಿಯ ಮರೆತಗಡು. ಸಿಲಿಂಡರುಗಳನ್ನು ಕೂರಿಸಿದ ಬಳಿಕ, ಹೆಡ್ಡನ್ನೂ ಅದರೊಡನೆ ಬರುವ ಪುಷ್‌ರಾಡಿನ ಕೊಳವೆಗಳನ್ನೂ ಸೇರಿಸುವ ಮುನ್ನವೇ ಇದನ್ನು ಸಿಕ್ಕಿಸಬೇಕು. ಆ ಕೊಳವೆಗಳು ಬಂದ ಮೇಲೆ ತಗಡಿಗೆ ಎಡೆಯಿರುವುದಿಲ್ಲ. ಮರೆತವನು ಮತ್ತೆ ಹೆಡ್ಡನ್ನು ಕಳಚಬೇಕು. ಅನೇಕ ಎಂಜಿನ್ನುಗಳಲ್ಲಿ ಈ ತಗಡೇ ಕಾಣೆಯಾಗಿರುವುದಕ್ಕೆ ಈ ತೊಂದರೆಯೇ ಕಾರಣ. ಕೂರಿಸಿದ ತಗಡು ಅಲುಗಾಡದೆ ಬಿಗಿಯಾಗಿ ನಿಲ್ಲಬೇಕು. ಇಲ್ಲದಿದ್ದರೆ ಎಂಜಿನ್ನಿನ ನಡುಕಕ್ಕೆ ಗಲಗಲ ಸದ್ದು ಮಾಡುತ್ತದೆ.

ಮೂರನೆಯದು, ಹೆಡ್ಡನ್ನು ಬಿಗಿಯುವುದು. ಒಂದೊಂದು ಹೆಡ್ಡಿಗೆ ಎಂಟು ನಟ್ಟುಗಳು. ಉಕ್ಕಿಗಿಂತ ಅಲ್ಯೂಮಿನಿಯಮ್ಮೂ ಕ್ರಾಂಕ್ ಕೇಸಿನ ಮೆಗ್ನೀಸಿಯಮ್ ಮಿಶ್ರಲೋಹವೂ ಶಾಖಕ್ಕೆ ಸುಮಾರು ಎರಡು ಪಟ್ಟು ಹಿಗ್ಗುತ್ತವೆ. ತಣ್ಣಗಿರುವಾಗ ಹಿತವಾಗಿ ಬಿಗಿದ ಉಕ್ಕಿನ ಸ್ಟಡ್ಡು ಎಂಜಿನ್ನು ಕಾದಾಗ ತಾನಾಗಿಯೇ ಇನ್ನಷ್ಟು ಸೆಳೆತಕ್ಕೆ ಒಳಗಾಗುತ್ತದೆ. ಭದ್ರವಾಗಲೆಂದು ಮೈಬಲವನ್ನೆಲ್ಲ ಬಳಸಿ ಬಿಗಿದರೆ, ಕಾದ ಎಂಜಿನ್ನಿನಲ್ಲಿ ಸ್ಟಡ್ಡು ಮೃದುವಾದ ಕ್ರಾಂಕ್ ಕೇಸಿನಿಂದ ಮರೆಯನ್ನೇ ಕಿತ್ತುಕೊಂಡು ಬರುತ್ತದೆ. 10 ಮಿಲಿಮೀಟರ್ ಸ್ಟಡ್ಡುಗಳುಳ್ಳ ಎಂಜಿನ್ನಿಗೆ ಸುಮಾರು 31 ನ್ಯೂಟನ್-ಮೀಟರ್ ಬಿಗಿತ ಸಾಕು. ಅದನ್ನೂ ಒಂದೇ ಸಲಕ್ಕೆ ಕೊಡದೆ, ಕೈಪಿಡಿಯ ಕ್ರಮದಂತೆ ಎಲ್ಲ ನಟ್ಟುಗಳನ್ನೂ ಮೊದಲು ಸುಮಾರು 10ರಷ್ಟಕ್ಕೆ ಬಿಗಿದು, ಆಮೇಲೆ ಪೂರ್ತಿಗೊಳಿಸಬೇಕು.

ನಾಲ್ಕನೆಯದು, ಬೀಸಣಿಗೆಯ ಗೂಡು. ಬಹುಕಾಲ ನಿಂತ ಕಾರಿನಲ್ಲಿ ಇಲಿಗಳು ಇದರೊಳಗೆ ಗೂಡು ಕಟ್ಟುತ್ತವೆ. ನಾರು, ಹುಲ್ಲು, ಕಾಗದದ ಚೂರುಗಳೆಲ್ಲ ಎಣ್ಣೆಯ ತಣಿಸುಗದ ಮೇಲೆ ಹಾಸಿಗೆಯಾಗಿರುತ್ತವೆ. ಹೊರಗಿನಿಂದ ಇದು ಕಾಣುವುದಿಲ್ಲ. ಗೂಡನ್ನು ಬಿಚ್ಚಿದಾಗಲೇ ಶುಚಿಮಾಡಬೇಕು. ಬೀಸಣಿಗೆಗೂ ಅದರ ಮುಚ್ಚಳಕ್ಕೂ ನಡುವೆ ಸುಮಾರು 2 ಮಿಲಿಮೀಟರ್ ಎಡೆಯಿರಬೇಕು. ಕಡಮೆಯಾದರೆ ಉಜ್ಜುತ್ತದೆ, ಹೆಚ್ಚಾದರೆ ಗಾಳಿ ಹಿಂದಕ್ಕೆ ಸೋರುತ್ತದೆ. ಅರವತ್ತರ ದಶಕದ ಅನೇಕ ಕಾರುಗಳಲ್ಲಿ ಒಳಾಂಗಣವನ್ನು ಬೆಚ್ಚಗಿಡಲು ಗೂಡಿನಿಂದ ಎರಡು ಕೊಳವೆಗಳು ಹೊರಡುತ್ತವೆ. ನಮಗೆ ಬೆಚ್ಚಗಿನ ಗಾಳಿ ಬೇಡವೆಂದು ಅವನ್ನು ತೆಗೆದವರು ಆ ಬಾಯಿಗಳನ್ನು ಭದ್ರವಾಗಿ ಮುಚ್ಚಲೇಬೇಕು. ಇಲ್ಲವಾದರೆ ಅವು ಊದುಗೊಳವೆಯ ಸೀಳುಗಳೇ ಸರಿ.

ಕೊನೆಯದಾಗಿ ಅಂಚುಗಳು. ಗೂಡು ಮತ್ತು ಮುಸುಕು ಕೂಡುವ ಕಡೆ ಬೆಳಕು ಕಾಣಬಾರದು. ಸ್ಪಾರ್ಕ್ ಪ್ಲಗ್ಗಿನ ತಂತಿ ಮುಸುಕನ್ನು ತೂರಿ ಹೋಗುವಲ್ಲಿ ರಬ್ಬರಿನ ಬಿಲ್ಲೆ ಕೂತಿರಬೇಕು. ಕೋಣೆಯ ಸುತ್ತಲಿನ ರಬ್ಬರು ಪಟ್ಟಿ ಗಟ್ಟಿಯಾಗಿ ಬಿರಿದಿದ್ದರೆ ಹೊಸದನ್ನು ಹಾಕಬೇಕು. ಎಲ್ಲ ಮುಗಿದ ಮೇಲೆ ಉಪಕರಣಗಳನ್ನೂ ಒರೆಸುವ ಬಟ್ಟೆಗಳನ್ನೂ ಎಣಿಸಿಕೊಳ್ಳುವುದು ಒಳ್ಳೆಯದು. ಮರೆತ ಬಟ್ಟೆಯೊಂದನ್ನು ಬೀಸಣಿಗೆ ಕ್ಷಣದಲ್ಲಿ ಹೀರಿಕೊಂಡುಬಿಡುತ್ತದೆ.

ಬೆಲ್ಟು ಮತ್ತು ಕೆಂಪು ದೀಪ

ಇನ್ನುಳಿದುದು ಬೆಲ್ಟು. ಅದನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು 15 ಮಿಲಿಮೀಟರಿನಷ್ಟು ತಗ್ಗಬೇಕು. ಡೈನಮೊವಿನ ರಾಟೆ ಎರಡು ಹೋಳುಗಳಾಗಿದ್ದು, ಅವುಗಳ ನಡುವೆ ತೆಳುವಾದ ವಾಷರುಗಳಿರುತ್ತವೆ. ಒಂದು ವಾಷರನ್ನು ತೆಗೆದರೆ ಹೋಳುಗಳು ಹತ್ತಿರವಾಗಿ ಬೆಲ್ಟು ಮೇಲಕ್ಕೇರಿ ಬಿಗಿಯಾಗುತ್ತದೆ, ಸೇರಿಸಿದರೆ ಸಡಿಲವಾಗುತ್ತದೆ. ತೆಗೆದ ವಾಷರುಗಳನ್ನು ರಾಟೆಯ ಹೊರಬದಿಯಲ್ಲಿ ನಟ್ಟಿನ ಕೆಳಗೇ ಇಡುವುದು ವಾಡಿಕೆ. ಮುಂದೆ ಬೇಕಾದಾಗ ಹುಡುಕುವ ಕೆಲಸವಿಲ್ಲ.

ಒಂದೇ ಬೆಲ್ಟು ಡೈನಮೊವನ್ನೂ ಬೀಸಣಿಗೆಯನ್ನೂ ತಿರುಗಿಸುತ್ತದೆಂದು ಹೇಳಿದೆವಷ್ಟೆ. ಅದು ತುಂಡಾದರೆ ಡೈನಮೊ ನಿಂತು ಚಾಲಕನ ಮುಂದಿನ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಬೇರೆ ಕಾರುಗಳಲ್ಲಿ ಈ ದೀಪದ ಅರ್ಥ ಬ್ಯಾಟರಿಗೆ ವಿದ್ಯುತ್ತು ಹೋಗುತ್ತಿಲ್ಲವೆಂದು. ಹಗಲಿನಲ್ಲಿ ಮನೆಯವರೆಗೆ ಹೇಗೋ ಹೋಗಬಹುದು. ಬೀಟಲ್ ಕಾರಿನಲ್ಲಿ ಅದು, ಎಂಜಿನ್ನಿಗೆ ಉಸಿರು ನಿಂತಿತೆಂಬ ಕೂಗೂ ಆಗಿರಬಹುದು. ಶಾಖವನ್ನು ಕೊಂಚ ಹೊತ್ತು ಹಿಡಿದಿಡಲು ನೀರೂ ಇಲ್ಲದ್ದರಿಂದ ಕೂಡಲೇ ನಿಲ್ಲಿಸಿ ಬೆಲ್ಟನ್ನು ನೋಡಬೇಕು. ಘಟ್ಟವನ್ನು ಏರುವಾಗಲೂ ಇದೇ ತತ್ತ್ವವನ್ನು ನೆನೆಯಬೇಕು: ಬೀಸಣಿಗೆಯ ವೇಗ ಕಾರಿನ ವೇಗವನ್ನಲ್ಲ, ಎಂಜಿನ್ನಿನ ವೇಗವನ್ನು ಅನುಸರಿಸುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ನು ಏದುತ್ತ ನಿಧಾನವಾಗಿ ತಿರುಗಿದರೆ ಶಾಖ ಹೆಚ್ಚು, ಗಾಳಿ ಕಡಮೆ. ಕೆಳಗಿನ ಗೇರಿಗೆ ಇಳಿಸಿದರೆ ಗಾಳಿ ಹೆಚ್ಚುತ್ತದೆ.

ನೀರಿನಿಂದ ತಂಪಾಗುವ ಎಂಜಿನ್ನಿನಲ್ಲಿ ಒಂದು ತೂತಾದರೆ ನೀರು ನೆಲದ ಮೇಲೆ ಹರಿದು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಸೋರಿದ ಗಾಳಿ ಗುರುತನ್ನು ಉಳಿಸುವುದಿಲ್ಲ. ಕಣ್ಣಿಗೆ ಕಾಣದ ಆ ಹರಿವಿಗೆ ಕಣ್ಣಿಗೆ ಕಾಣುವ ಸಾಕ್ಷಿಯೆಂದರೆ ಈ ತಗಡುಗಳೇ. ಆದ್ದರಿಂದ, ಜೋಡಣೆ ಮುಗಿದಾಗ ಮೇಜಿನ ಮೇಲೆ ಒಂದು ತಗಡು ಉಳಿದಿದ್ದರೆ, ಅದನ್ನು ಕೈಗೆತ್ತಿಕೊಂಡು, ಅದು ಗಾಳಿಯ ಯಾವ ತಿರುವಿನಲ್ಲಿ ನಿಲ್ಲಬೇಕಾಗಿತ್ತು ಎಂದು ಕೇಳಿಕೊಳ್ಳೋಣ. ಅದಕ್ಕೆ ಉತ್ತರ ಸಿಕ್ಕುವ ತನಕ ಎಂಜಿನ್ನನ್ನು ಚಾಲೂ ಮಾಡದಿರುವುದೇ ಲೇಸು.